ಅಳಿಯನಿಗೆ ದಾಟಿಸಿದ ಮದುವೆ

ಕುಕ್ಕುಂದೂರಿನಲ್ಲಿ ಮದುವೆಮನೆಯ ಜವಾಬ್ದಾರಿ ಹಂಚುವಾಗ ಬುದ್ಧಿವಂತರು ಮೊದಲೇ ಬಾಳೆಲೆ ಒಪ್ಪಿಕೊಂಡುಬಿಡುತ್ತಾರೆ. ಎಲೆ ಹೆಚ್ಚಾದರೆ ದನಕ್ಕೆ ಹಾಕಬಹುದು, ಕಡಿಮೆಯಾದರೆ "ಎರಡನೇ ಪಂಕ್ತಿಗೆ ಕೂತುಕೊಳ್ಳಿ ಮಾರಾಯ್ರೆ" ಎಂದು ನಕ್ಕು ಮುಗಿಸಬಹುದು. ಹಾಲ್, ಹೂವು, ಬಸ್ಸು, ವಾದ್ಯ, ಯಾವುದನ್ನೇ ವಹಿಸಿಕೊಂಡರೂ ಸಂಜೆ ಕುರ್ಚಿ ಮಡಚುವ ಹೊತ್ತಿಗೆ ಆಸಾಮಿ ಬಿಡುಗಡೆ. ನಾನು ವಿಡಿಯೋ ವಹಿಸಿಕೊಂಡೆ.

ಮದುವೆ ನನ್ನ ಭಾವನ ಮಗಳದ್ದು. ಭಾವ ಎಂದರೆ ಹೆಂಡತಿಯ ಅಣ್ಣ. ಅಂದರೆ ಕೆಲಸ ಕೆಟ್ಟರೆ ವಿಚಾರಣೆ ನಮ್ಮ ಮನೆಯಲ್ಲೇ ನಡೆಯುವ ಸಂಬಂಧ. ಸ್ಟುಡಿಯೋದವರು ಬಂದಿದ್ದರು, ಡ್ರೋನು ಹಾರಿತ್ತು, ಅದೆಲ್ಲ ಸರಿ. ಆದರೆ ನಮ್ಮ ಕಡೆ ಮದುವೆಯ ವಿಡಿಯೋ ಕೈಸೇರುವುದು ಮದುಮಗಳ ಸೀಮಂತದ ಹೊತ್ತಿಗೆ. ಕಾಪುವಿನ ಬೀಗರನ್ನು ಕರೆದು ಮಾಡುವ ಔತಣದಲ್ಲಿ ಪರದೆಯ ಮೇಲೆ ಏನಾದರೊಂದು ಓಡುತ್ತಿರಬೇಕೆಂದು ಭಾವನಿಗೆ ಆಸೆ. "ನಮ್ಮವರ ಫೋನಿನಲ್ಲಿ ತೆಗೆದದ್ದೇ ರಾಶಿ ಉಂಟಲ್ಲ ಭಾವ, ಚಂದ ಮಾಡಿ ಜೋಡಿಸಿದರಾಯಿತು. ನಾನುಂಟು" ಎಂದೆ. "ನಾನುಂಟು" ಎಂಬ ಮಾತು ಕೇಳಿದ ಕೂಡಲೇ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಈ ಹಿಂದೆ ನಾನು ಹೀಗೆಂದದ್ದು ನೀರಿನ ಪಂಪು ರಿಪೇರಿಗೆ. ಆ ಪಂಪು ಈಗಲೂ ಬಾವಿಯ ತಳದಲ್ಲಿ ಉಂಟು.

ಹಾಗೆಂದು ಎಡಿಟಿಂಗಿನಲ್ಲಿ ನನಗೆ ಅನುಭವವಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. 2015ರ ಜನವರಿಯಲ್ಲಿ ಕಾರ್ಕಳದ ಬಾಹುಬಲಿಗೆ ಮಹಾಮಸ್ತಕಾಭಿಷೇಕವಾದಾಗ ಬೆಟ್ಟ ಹತ್ತಿ ಚಿತ್ರೀಕರಿಸಿ, ಮನೆಗೆ ಬಂದು ಹಾಲಿನದ್ದು, ಅರಸಿನದ್ದು, ಚಂದನದ್ದು ಎಂದು ಸಾಲಾಗಿ ಜೋಡಿಸಿ, ಇನ್ನೊಂದು ಹಿನ್ನೆಲೆ ಸಂಗೀತ ಹಾಕಿದರೆ ಮುಗಿಯಿತು ಎಂಬಲ್ಲಿಗೆ ತಂದು ನಿಲ್ಲಿಸಿದವನು ನಾನು. ಆ ಪ್ರಾಜೆಕ್ಟ್ ಫೈಲು ಇವತ್ತಿಗೂ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಕ್ಷೇಮವಾಗಿದೆ. ತೆರೆಯುವ ಸಾಫ್ಟ್‌ವೇರ್ ಮಾತ್ರ ನನ್ನಲ್ಲಿ ಉಳಿದಿಲ್ಲ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಬಾಹುಬಲಿ ಬೆಟ್ಟದ ಮೇಲೆ ಈಗಲೂ ದರ್ಶನ ಕೊಡುತ್ತಿದ್ದಾನೆ. ನನ್ನ 2015ರ ಬಾಹುಬಲಿ ತೆರೆದುಕೊಳ್ಳುವುದಿಲ್ಲ. ಇದು ನನ್ನೊಬ್ಬನ ಪಾಡಲ್ಲ. ಮನೆಮನೆಯ ಎಡಿಟರ್ ಆಗಿದ್ದ ವಿಂಡೋಸ್ ಮೂವಿ ಮೇಕರ್ 2017ರ ಜನವರಿ 10ಕ್ಕೆ ನಿವೃತ್ತವಾಯಿತು. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್ ಜೊತೆ ವಿವಾವಿಡಿಯೋ ಕೂಡ ಇತ್ತು. ಎಷ್ಟು ನಾಮಕರಣ, ಎಷ್ಟು ಗೃಹಪ್ರವೇಶಗಳು ಅರ್ಧಕ್ಕೇ ನಿಂತವೋ.

ಮದುವೆಗೆ ಬರೋಣ. ನೆಂಟರೆಲ್ಲ ತಮ್ಮ ತಮ್ಮ ಫೋನಿನಿಂದ ಕಳಿಸಿದ ತುಣುಕುಗಳು ನನ್ನ ಲ್ಯಾಪ್‌ಟಾಪಿಗೆ ಬಂದು ಬಿದ್ದವು. ಅರ್ಧ ಉದ್ದುದ್ದ, ಅರ್ಧ ಅಡ್ಡಡ್ಡ. ಒಬ್ಬರ ಫೋನಿನಲ್ಲಿ ಇಡೀ ಧಾರೆ ಅವರದ್ದೇ ಹೆಬ್ಬೆರಳಿನ ಹಿಂದೆ ನಡೆದಿತ್ತು. ಹೆಂಡತಿ ಹೇಳಿದಳು, "ಕೆಜಿಎಫ್ ಎರಡನೇ ಭಾಗ ಎಡಿಟ್ ಮಾಡಿದ್ದು ಕಲಬುರಗಿಯ ಒಂದು ಹುಡುಗನಂತೆ, ಇಪ್ಪತ್ತು ವರ್ಷ ಆಗಿದ್ದರೆ ಹೆಚ್ಚು. ನಿಮಗೆ ಐವತ್ತಾಯಿತಲ್ಲ, ಒಂದು ಮದುವೆ ಆಗುದಿಲ್ವಾ?" ಆ ಹುಡುಗ ಉಜ್ವಲ್ ಕುಲಕರ್ಣಿ. ಅವನಿಗೆ ಯಶ್ ಇದ್ದರು. ನನಗೆ ಇದ್ದದ್ದು ಭಾವ.

ಎಡಿಟಿಂಗ್ ಎಂದರೆ ಕತ್ತರಿಸುವುದು ಎಂದು ತಿಳಿದವರು ಮದುವೆಯ ವಿಡಿಯೋ ಮಾಡಿದವರಲ್ಲ. ಅದು ಮುಚ್ಚುವ ಕೆಲಸ. ತೋಟದ ಗಡಿಯ ವಿಷಯಕ್ಕೆ ಭಾವನ ಜೊತೆ ಮಾತು ಬಿಟ್ಟ ದೊಡ್ಡಮಾವ ಧಾರೆಯ ದೃಶ್ಯದ ಬಲತುದಿಯಲ್ಲಿ ನಿಂತಿದ್ದರು. "ಅವರೊಬ್ಬರು ಬೇಡ" ಎಂದು ಭಾವ ಮೆಲ್ಲ ಹೇಳಿದ್ದರು. ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಎಡಕ್ಕೆ ಸರಿಸಿದೆ. ದೊಡ್ಡಮಾವ ಚೌಕಟ್ಟಿನಿಂದ ಆಚೆ ಬಿದ್ದರು, ಒಂದು ಮೊಣಕೈ ಉಳಿಯಿತು. ಊಟದ ದೃಶ್ಯದಲ್ಲಿ ಯಾರೋ ಪಾಯಸವನ್ನು ಬಗ್ಗಿ ನೋಡಿ ಮುಖ ಕಿವುಚಿದ್ದರು, ಅಲ್ಲಿ ಒಂದು ಹೂವು ಅರಳಿಸಿದೆ. ಎಲ್ಲಕ್ಕಿಂತ ದೊಡ್ಡ ರಗಳೆ ಶಬ್ದದ್ದು. ಕ್ಯಾಮೆರಾ ಹಿಡಿದವನ ಬಾಯಿಯೇ ಮೈಕಿಗೆ ಹತ್ತಿರ ಎಂಬ ಸತ್ಯ ನನಗೆ ಗೊತ್ತಾದದ್ದು ಆಗಲೇ. ಮಂಟಪದಲ್ಲಿ ಮಂತ್ರ ನಡೆಯುತ್ತಿದೆ; ಮಂತ್ರಕ್ಕಿಂತ ಸ್ಪಷ್ಟವಾಗಿ ನನ್ನ ಧ್ವನಿ: "ನೋಡು ಮಾರಾಯ, ಭಾವ ಹಾಲಿನ ಎಸಿಗೆ ದುಡ್ಡು ಕಟ್ಟಲಿಲ್ಲ ಕಾಣ್ತದೆ. ಮದುಮಗನ ಶಾಲು ಹಿಂಡಿದರೆ ಒಂದು ಚೊಂಬು ತುಂಬೀತು. ಇವರ ಕೈಯಿಂದ ನೂರು ರೂಪಾಯಿ ಬಿಚ್ಚಿಸಲಿಕ್ಕೆ ಭೂತವೇ ಮೈಮೇಲೆ ಬರಬೇಕು." ಆ ತುಣುಕಿನ ಶಬ್ದವನ್ನು ಸೊನ್ನೆಗೆ ಇಳಿಸಿ, ಮೇಲೆ ನಾದಸ್ವರ ಹಾಸಿ, ನೆಮ್ಮದಿಯ ಉಸಿರುಬಿಟ್ಟೆ.

ಲ್ಯಾಪ್‌ಟಾಪು ಅಲ್ಲಿಯವರೆಗೆ ಸಹಿಸಿಕೊಂಡಿತ್ತು. ಮುಕ್ಕಾಲು ಕೆಲಸ ಮುಗಿಯುವಾಗ ಅದರ ಫ್ಯಾನು ಊರಿಗೆಲ್ಲ ಕೇಳುವ ಹಾಗೆ ಕೂಗತೊಡಗಿತು. ಒಂದು ದೃಶ್ಯ ಹಾಕಿದರೆ ಚಹಾ ಕುಡಿದು ಬರುವವರೆಗೂ ಅಲ್ಲೇ ನಿಂತಿರುತ್ತಿತ್ತು. ಆಗ ಅಕ್ಕನ ಮಗ ಫೋನು ಮಾಡಿದ. ಅವನು ಮಣಿಪಾಲದಲ್ಲಿ ಓದುತ್ತಿರುವವನು, ಕೈಯಲ್ಲಿ ಒಳ್ಳೆಯ ಕಂಪ್ಯೂಟರ್ ಉಂಟು, ಅದರಲ್ಲಿ ಬೇರೆಯೇ ಎಡಿಟಿಂಗ್ ಸಾಫ್ಟ್‌ವೇರ್. "ಪ್ರಾಜೆಕ್ಟ್ ನನಗೆ ಕಳಿಸಿ ಮಾವ, ನಾನು ಮುಗಿಸಿ ಕೊಡ್ತೇನೆ" ಎಂದ. ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಅದಕ್ಕೆ 1949ರಲ್ಲಿ ಮದ್ರಾಸ್ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಪದ್ಧತಿಯ ಕಟ್ಟು ಸಡಿಲಾಯಿತು. ನನ್ನಲ್ಲಿ ದಾಟಿಸಲಿಕ್ಕೆ ಹೇಗೂ ಗದ್ದೆ ತೋಟ ಇಲ್ಲ. ಇದ್ದದ್ದು ಒಂದು ಪ್ರಾಜೆಕ್ಟ್ ಫೈಲು. ಅದನ್ನೇ ಪೆನ್‌ಡ್ರೈವಿಗೆ ಹಾಕಿ, ಲಕೋಟೆಯೊಳಗಿಟ್ಟು, ಜೋಡುರಸ್ತೆಯಲ್ಲಿ ಉಡುಪಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಅದು ಮಣಿಪಾಲದಲ್ಲಿ ಇಳಿಯಿತು. ಒಂದಿಡೀ ಮದುವೆ ಒಂದು ಎಂಬಿಯೊಳಗೆ ಕೂತ ಸಂಭ್ರಮದಲ್ಲಿ ನಾನಿದ್ದೆ. ಇಂಥ ಬುದ್ಧಿವಂತ ಸಾಫ್ಟ್‌ವೇರ್ ಇದ್ದೂ ಜನ ಯಾಕೆ ದೊಡ್ಡ ದೊಡ್ಡ ಹಾರ್ಡ್‌ಡಿಸ್ಕ್ ಕೊಳ್ಳುತ್ತಾರಪ್ಪ ಎಂದು ಹೆಂಡತಿಯನ್ನು ಕೇಳಿಯೂ ಇದ್ದೆ.

ಸಂಜೆ ಅಳಿಯನ ಫೋನು. "ಮಾವ, ಮದುವೆ ಎಲ್ಲಿ?"

"ಪೆನ್‌ಡ್ರೈವಿನಲ್ಲಿ."

"ಪೆನ್‌ಡ್ರೈವಿನಲ್ಲಿ ಮದುವೆ ಇಲ್ಲ ಮಾವ. ಮದುವೆಯ ಚೀಟಿ ಉಂಟು."

ಅವನು ಆಮೇಲೆ ಬಿಡಿಸಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುವುದಾದರೆ, ಪ್ರಾಜೆಕ್ಟ್ ಫೈಲ್ ಎಂದರೆ ಅಡುಗೆ ಭಟ್ಟರು ಬರೆದುಕೊಂಡ ಚೀಟಿ. ಯಾವ ಡಬ್ಬಿಯಿಂದ ಎಷ್ಟು ತೆಗೆಯಬೇಕು, ಯಾವುದರ ಮೇಲೆ ಯಾವುದು ಬಡಿಸಬೇಕು, ಯಾವಾಗ ಒಗ್ಗರಣೆ, ಎಲ್ಲವೂ ಅದರಲ್ಲಿದೆ. ಒಂದು ಕಾಳು ಅಕ್ಕಿ ಇಲ್ಲ. ಅದೂ ಭಟ್ಟರು ತಮಗೆ ಮಾತ್ರ ಅರ್ಥವಾಗುವ ಗೀಚಿನಲ್ಲಿ ಬರೆದದ್ದು. ಇನ್ನೊಬ್ಬ ಭಟ್ಟರ ಕೈಗೆ ಕೊಟ್ಟರೆ ಅವರು ತಿರುಗಿಸಿ ಮುರುಗಿಸಿ ನೋಡಿ, ಕಿವಿಗೆ ಸಿಕ್ಕಿಸಿಕೊಂಡು, ತಮ್ಮದೇ ಸಾಂಬಾರು ಮಾಡುತ್ತಾರೆ. ಅಷ್ಟೇ ಅಲ್ಲ, "ಅಕ್ಕಿ: ಡಿ ಡ್ರೈವಿನ ಮೂಲೆಯ ಡಬ್ಬಿ" ಎಂದು ಬರೆದಿದ್ದರೆ ಅಳಿಯನ ಅಡುಗೆಮನೆಯಲ್ಲಿ ಡಿ ಡ್ರೈವೇ ಇಲ್ಲ. ಹಾಗಾಗಿ ಅವನ ಪರದೆಯ ಮೇಲೆ ನನ್ನ ಫೈಲು ತೆರೆಯಲೇ ಇಲ್ಲ.

ಮುಂದಿನ ಬಸ್ಸಿಗೆ ಇಡೀ ಹಾರ್ಡ್‌ಡಿಸ್ಕ್ ಹೊರಟಿತು. ಪ್ರಾಜೆಕ್ಟನ್ನು ಎರಡೂ ಸಾಫ್ಟ್‌ವೇರ್ ಓದುವ ಒಂದು ರೂಪಕ್ಕೆ ಇಳಿಸಬೇಕೆಂದು ಅಳಿಯ ಹೇಳಿದ. ಎಎಎಫ್ ಎಂಬುದೊಂದು ಉಂಟು, ಎಕ್ಸ್‌ಎಂಎಲ್ ಎಂಬುದೊಂದು ಉಂಟು. ಪಿಕ್ಸಾರ್‌ನವರು ಶುರುಮಾಡಿದ ಓಪನ್‌ಟೈಮ್‌ಲೈನ್‌ಐಓ ಎಂಬ ಹೊಸದೂ ಉಂಟು, ಅದು ಎಲ್ಲರೂ ಬಳಸಲಿ ಎಂದು ಮುಕ್ತವಾಗಿ ಬಿಟ್ಟದ್ದು. ನನ್ನ ಹಳೆಯ ಸಾಫ್ಟ್‌ವೇರಿಗೆ ಇವು ಯಾವುದರ ಪರಿಚಯವೂ ಇರಲಿಲ್ಲ. ಅದು ಬಲ್ಲದ್ದು ಒಂದನ್ನೇ: ಇಡಿಎಲ್.

ಇಡಿಎಲ್‌ನ ವಂಶಾವಳಿ ಕೇಳಿ ನನಗೆ ಅದರ ಮೇಲೆ ಗೌರವ ಹುಟ್ಟಿತು. 1971ರಲ್ಲಿ ಅಮೆರಿಕದ ಸಿಬಿಎಸ್ ಟಿವಿ ಮತ್ತು ಮೆಮೊರೆಕ್ಸ್ ಕಂಪೆನಿ ಸೇರಿ ಕಂಪ್ಯೂಟರಿನಲ್ಲಿ ಎಡಿಟಿಂಗ್ ಮಾಡುವ ಒಂದು ಯಂತ್ರ ತಂದವು, ಸಿಎಂಎಕ್ಸ್ 600 ಎಂದು. ಅದೇ ಮನೆತನದ 3600 ಎಂಬ ಯಂತ್ರದ ಪಟ್ಟಿಯ ರೂಪವೇ ಇವತ್ತಿಗೂ ಚಾಲ್ತಿಯಲ್ಲಿರುವ ಇಡಿಎಲ್. ನೋಟ್‌ಪ್ಯಾಡಿನಲ್ಲಿ ತೆರೆದರೆ ಕಣ್ಣಿಗೆ ಕಾಣುವ ಸಾದಾ ಅಕ್ಷರಗಳು: ಇಷ್ಟನೇ ತುಣುಕು, ಇಂಥ ಟೇಪಿನಿಂದ, ಇಲ್ಲಿಂದ ಇಲ್ಲಿಯವರೆಗೆ. ಚಿತ್ರಕ್ಕೆ ಒಂದೇ ಸಾಲು. ಒಟ್ಟು 999 ತುಣುಕಿಗೆ ಜಾಗ. ಟೇಪಿನ ಹೆಸರಿಗೆ ಎಂಟು ಅಕ್ಷರ.

ಈ ಎಂಟು ಅಕ್ಷರ ನಮ್ಮ ಮದುವೆಯನ್ನು ಲಗಾಡಿ ತೆಗೆಯಿತು. ಟೇಪಿನ ಕಾಲದಲ್ಲಿ ಎಂಟು ಅಕ್ಷರ ಧಾರಾಳ. ಒಂದು, ಎರಡು ಎಂದು ಚೀಟಿ ಅಂಟಿಸುತ್ತಿದ್ದರು. ನಮ್ಮ ನೆಂಟರ ಫೋನುಗಳು ಹೆಸರಿಡುವ ಕ್ರಮವೇ ಬೇರೆ: ವಿ, ಐ, ಡಿ, ಒಂದು ಅಡಿಗೆರೆ, ಆಮೇಲೆ 2024, ಆಮೇಲೆ ತಿಂಗಳು, ದಿನ, ಗಂಟೆ, ನಿಮಿಷ. ಲೆಕ್ಕ ಹಾಕಿ ನೋಡಿ. ವಿ, ಐ, ಡಿ ಮೂರು, ಅಡಿಗೆರೆ ನಾಲ್ಕು, 2024 ಸೇರಿದರೆ ಸರಿಯಾಗಿ ಎಂಟು. ಅಲ್ಲಿಗೆ ಕತ್ತರಿ. ಧಾರೆ, ಮದರಂಗಿ, ದಿಬ್ಬಣ, ಪಾರ್ಕಿಂಗ್, ಪಾಯಸ ಎಲ್ಲದಕ್ಕೂ ಒಂದೇ ಹೆಸರು ಉಳಿಯಿತು. ಹೆಸರು ಹೋದರೆ ಹೋಗಲಿ, ಹುಟ್ಟಿದ ಗಳಿಗೆಯಿಂದ ಗುರುತು ಹಿಡಿಯೋಣವೆಂದರೆ ದೊಡ್ಡ ಕ್ಯಾಮೆರಾಗಳ ಹಾಗೆ ಫೋನುಗಳು ಟೈಮ್‌ಕೋಡ್ ಬರೆಯುವುದಿಲ್ಲ. ಪ್ರತಿ ತುಣುಕೂ ಸೊನ್ನೆ ಗಂಟೆ ಸೊನ್ನೆ ನಿಮಿಷಕ್ಕೇ ಹುಟ್ಟುತ್ತದೆ. ಅಳಿಯನ ಸಾಫ್ಟ್‌ವೇರು ಪಾಪ, ಕೈಗೆ ಸಿಕ್ಕಿದ್ದನ್ನು ಹಾಕಿತು. ಪುರೋಹಿತರು "ಕನ್ಯೆಯ ಕೈ ಹಿಡಿಯಿರಿ" ಎನ್ನುವಲ್ಲಿ ಮುಂಬಯಿ ಚಿಕ್ಕಪ್ಪ ರಿವರ್ಸ್ ಗೇರಿನಲ್ಲಿ ಕಾರು ನಿಲ್ಲಿಸುತ್ತಿದ್ದರು. ಎಲ್ಲೆಲ್ಲಿ ಏನೂ ಸಿಗಲಿಲ್ಲವೋ ಅಲ್ಲಿ ಕೆಂಪು ಪರದೆ, ಮೀಡಿಯಾ ಆಫ್‌ಲೈನ್ ಎಂಬ ಬರಹ.

ಅಮ್ಮ ಎಲ್ಲವನ್ನೂ ಜಗಲಿಯಿಂದ ಕೇಳುತ್ತಿದ್ದರು. ಕಾರ್ಕಳದ ಗೊಮ್ಮಟನನ್ನು ಬೇರೆಡೆ ಕೆತ್ತಿ, ಬಂಡಿಯಲ್ಲಿ ಎಳೆದು ತಂದು ಬೆಟ್ಟಕ್ಕೆ ಏರಿಸಿದರೆಂದು ಹಿಂದಿನವರು ಹೇಳುತ್ತಾರೆ. ಅಮ್ಮನಿಗೆ ಆ ಕಥೆ ಸಮಯಕ್ಕೆ ನೆನಪಾಯಿತು. "ಅಷ್ಟು ದೊಡ್ಡ ಕಲ್ಲು ಅಲ್ಲಿಂದ ಇಲ್ಲಿಗೆ ದಾಟಿಸಿದ ಊರು ಇದು. ಒಂದು ಬೆರಳು ಮುರಿಯಲಿಲ್ಲ. ನಿನಗೆ ಜೋಡುರಸ್ತೆಯಿಂದ ಮಣಿಪಾಲಕ್ಕೆ ಒಂದು ಮದುವೆ ದಾಟಿಸಲಿಕ್ಕೆ ಆಗುದಿಲ್ವಾ?"

ದೊಡ್ಡವರಿಗೂ ಇದು ತಪ್ಪಿದ್ದಲ್ಲ ಎಂದು ವಾದಿಸಿದೆ. ವಾಲ್ಟರ್ ಮರ್ಚ್ ಎಂಬ ಹಾಲಿವುಡ್ಡಿನ ಘಟಾನುಘಟಿ 'ದಿ ಇಂಗ್ಲಿಷ್ ಪೇಷಂಟ್' ಚಿತ್ರವನ್ನು ಫಿಲ್ಮ್ ಕತ್ತರಿಸುವ ಮೇಜಿನ ಮೇಲೆ ಶುರುಮಾಡಿ, ಮನೆಯಲ್ಲಿ ಮಗನಿಗೆ ಅನಾರೋಗ್ಯವಾಗಿ ಊರಲ್ಲೇ ಇರಬೇಕಾಗಿ ಬಂದಾಗ, ಅರ್ಧದಾರಿಯಲ್ಲಿ ಇಡೀ ಚಿತ್ರವನ್ನು ಆವಿಡ್ ಕಂಪ್ಯೂಟರಿಗೆ ದಾಟಿಸಿ ಮನೆಯಿಂದಲೇ ಮುಂದುವರಿಸಿದರು. 2011ರ ಜೂನಿನಲ್ಲಿ ಆ್ಯಪಲ್‌ನ ಹತ್ತನೆಯ ಫೈನಲ್ ಕಟ್ ಬಂದಾಗ ಅದು ತನ್ನದೇ ಏಳನೆಯ ಆವೃತ್ತಿಯ ಪ್ರಾಜೆಕ್ಟನ್ನು ತೆರೆಯಲಿಲ್ಲ. ಜಗತ್ತಿನ ಎಡಿಟರುಗಳೆಲ್ಲ ಮಂಡೆ ಬಿಸಿ ಮಾಡಿಕೊಂಡಿದ್ದರು. ಹೆಂಡತಿ ಕೊತ್ತಂಬರಿ ಸೋಸುತ್ತ ಎಲ್ಲ ಕೇಳಿದಳು.

"ಆ ಮೊದಲಿನವರಿಗೆ ಕಡೆಗೆ ಎಂತಾಯ್ತು?"

"1997ರಲ್ಲಿ ಆಸ್ಕರ್ ಸಿಕ್ಕಿತು. ಎಡಿಟಿಂಗಿಗೊಂದು, ಶಬ್ದಕ್ಕೊಂದು."

"ನಿಮಗೆ ಭಾನುವಾರ ಅಣ್ಣ ಸಿಕ್ತಾರೆ. ವಿಡಿಯೋ ನೋಡಲಿಕ್ಕೆ ಬರ್ತಾರಂತೆ."

ಅಳಿಯ ಹಟವಾದಿ. ಇಡಿಎಲ್‌ನ ಪ್ರತಿ ಸಾಲಿನ ಕೆಳಗೆ ಷರಾ ಎಂದು ಪೂರ್ತಿ ಫೈಲಿನ ಹೆಸರು ಬರೆದಿರುತ್ತದೆಯಂತೆ. ಅದನ್ನು ಹಿಡಿದು ಒಂದೊಂದೇ ತುಣುಕನ್ನು ಕೈಯಾರೆ ಅದರದರ ಜಾಗಕ್ಕೆ ಕೂರಿಸಿದ. ಆಮೇಲೆ ಇನ್ನೊಂದು ಭಾನಗಡಿ. ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದ್ದು, ಸೆಕೆಂಡಿಗೆ 25 ಚಿತ್ರ. ನನ್ನ ಪ್ರಾಜೆಕ್ಟ್ ಕೂಡ ಹಳೆಯ ಅಭ್ಯಾಸದಂತೆ 25. ಫೋನುಗಳದ್ದು 30, ಅದೂ ನೆಟ್ಟಗೆ 30 ಅಲ್ಲ. ಬೆಳಕು ಕಡಿಮೆಯಾದರೆ ಚಿತ್ರಗಳ ಸಂಖ್ಯೆಯನ್ನೂ ಇಳಿಸಿಕೊಳ್ಳುತ್ತವೆ. ನನ್ನ ಸಾಫ್ಟ್‌ವೇರು ಇದನ್ನು ಹೇಗೋ ಸಂಭಾಳಿಸಿತ್ತು, ಅವನದ್ದು ತನ್ನ ಲೆಕ್ಕದಲ್ಲಿ ಸಂಭಾಳಿಸಿತು. ಎರಡೂ ಲೆಕ್ಕ ಬೇರೆ. ಪರಿಣಾಮವಾಗಿ ಗಟ್ಟಿಮೇಳ ಮೊದಲು ಬಾರಿಸಿ ಮುಗಿಯಿತು, ಅಕ್ಷತೆ ಬಿತ್ತು, ಕರಿಮಣಿ ಆಮೇಲೆ ನಿಧಾನಕ್ಕೆ ಬಂತು. ಫೋನಿನ ವಿಡಿಯೋಗಳನ್ನೆಲ್ಲ ಮೊದಲು ಒಂದೇ ಸಮನಾದ ವೇಗಕ್ಕೆ ಪರಿವರ್ತಿಸಿಕೊಂಡು ಆಮೇಲೆ ಎಡಿಟಿಂಗಿಗೆ ಕೂರಬೇಕಂತೆ. ಈ "ಅಂತೆ"ಗಳೆಲ್ಲ ನನಗೆ ಒಂದೊಂದಾಗಿ, ಆಯಾ ಅನಾಹುತದ ಮರುದಿನ ತಿಳಿದವು.

ಹೆಸರುಗಳ ಕಥೆ ಕೇಳಿ. ಇಡಿಎಲ್ ಅಕ್ಷರ, ಅಲಂಕಾರ ಯಾವುದನ್ನೂ ದಾಟಿಸುವುದಿಲ್ಲ. ಹಾಗಾಗಿ ಪರದೆಯ ಮೇಲೆ ಬರಬೇಕಾದ ಬರಹಗಳನ್ನೆಲ್ಲ ನಾನು ಟೈಪು ಮಾಡಿ ಬೇರೆ ಕಳಿಸಿದ್ದೆ. ನಾನು ಕಂಪ್ಯೂಟರಿನಲ್ಲಿ ಕನ್ನಡ ಕಲಿತದ್ದು ಯುನಿಕೋಡ್‌ಗೆ ಮೊದಲಿನ ಫಾಂಟಿನಲ್ಲಿ, ಬೆರಳಿಗೆ ಅದೇ ಅಭ್ಯಾಸ. ಆ ಫಾಂಟು ಇಲ್ಲದ ಯಂತ್ರದಲ್ಲಿ ಆ ಬರಹ ಕನ್ನಡವಾಗಿ ಉಳಿಯುವುದಿಲ್ಲ. 'ಶುಭವಿವಾಹ' ಎಂದು ಚಿನ್ನದ ಬಣ್ಣದಲ್ಲಿ ಬರಬೇಕಾದ ಕಡೆ ಎಂತೆಂಥದೋ ಚಿಹ್ನೆಗಳ ಸಾಲು ಬಂತು, ತಲೆಯ ಮೇಲೆ ಟೊಪ್ಪಿ ಇಟ್ಟ ಯುರೋಪಿನ ಅಕ್ಷರಗಳು. ಸಾಲಿನ ಮೊಟ್ಟಮೊದಲಿಗೆ ಗಣಿತದಲ್ಲಿ ಬರುವ ಕೂಡು-ಕಳೆ ಗುರುತು: ಮೇಲೆ ಪ್ಲಸ್ಸು, ಕೆಳಗೆ ಮೈನಸ್ಸು. ಅಮ್ಮ ಕನ್ನಡಕ ಏರಿಸಿ ನೋಡಿ, "ಮದುವೆಯ ಮೇಲೆ ಇದೆಂತದ್ದು ಬರೆದದ್ದು, ಕೂಡುದಾ ಕಳೆಯುದಾ?" ಎಂದರು. ನನ್ನ ಹೆಂಡತಿ ಉತ್ತರ ಹೇಳಲು ಬಾಯಿ ತೆರೆದು, ನನ್ನನ್ನೊಮ್ಮೆ ನೋಡಿ, ಮುಚ್ಚಿದಳು. ಅಳಿಯ ಯುನಿಕೋಡಿನಲ್ಲಿ ಪುನಃ ಟೈಪು ಮಾಡಿದ. ಆಗ ಅಕ್ಷರ ಕನ್ನಡವೇ ಆಯಿತು, ಒತ್ತುಗಳು ಮಾತ್ರ ಅಕ್ಷರದ ಕೆಳಗೆ ಕೂರಲೊಲ್ಲದೆ ಪಕ್ಕದಲ್ಲಿ ಬಂದು ನಿಂತವು. 'ಶ್ರೀ' ಮೂರು ತುಂಡಾಯಿತು. ಸಾಫ್ಟ್‌ವೇರಿನ ಒಳಗೆಲ್ಲೋ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಹುಡುಕಿ ಒತ್ತಿದ ಮೇಲೆ ಸರಿಯಾಯಿತು. ಅಷ್ಟು ದೊಡ್ಡ ದಕ್ಷಿಣ ಏಷ್ಯಾವನ್ನು ಅಷ್ಟು ಒಳಗೆ ಅಡಗಿಸಿಟ್ಟವರಿಗೆ ಏನು ಹೇಳುವುದು.

ಭಾನುವಾರ ಸಂಜೆ ಭಾವ, ಅತ್ತಿಗೆ ಬಂದರು. ಅಳಿಯ ಮಣಿಪಾಲದಿಂದ ಕಂಪ್ಯೂಟರನ್ನೇ ಹೊತ್ತು ತಂದು ನಮ್ಮ ಟಿವಿಗೆ ಸಿಕ್ಕಿಸಿದ. ಅತ್ತಿಗೆ ಮುಂದಿನ ಕುರ್ಚಿಯಲ್ಲಿ, ಭಾವ ಕಾಲುಚಾಚಿ ದಿವಾನದ ಮೇಲೆ. ಆರಂಭ ಗಮ್ಮತ್ತಾಗಿಯೇ ಇತ್ತು. ನಿಧಾನಗತಿಯ ದೃಶ್ಯಗಳನ್ನು ಇಡಿಎಲ್ ನಿಷ್ಠೆಯಿಂದ ದಾಟಿಸಿತ್ತು; ಸಾರು ಬಡಿಸುವ ಸೌಟಿನಿಂದ ಎಲೆಗೆ ಸಾರು ಇಳಿಯಲು ಅರ್ಧ ನಿಮಿಷ ಹಿಡಿಯಿತು. ಆಮೇಲೆ ಧಾರೆ. ಬಲತುದಿಯಲ್ಲಿ, ಮೊಣಕೈಯಲ್ಲ, ಪೂರ್ತಿ ದೊಡ್ಡಮಾವ ನಿಂತಿದ್ದರು.

ನಾನು ಅಳಿಯನ ಮುಖ ನೋಡಿದೆ. ಅವನು ಕಿವಿಯಲ್ಲಿ ಹೇಳಿದ, "ಮಾವ, ಹಿಗ್ಗಿಸಿದ್ದು, ಸರಿಸಿದ್ದು ಅದರಲ್ಲಿ ಬರುದಿಲ್ಲ. ಕಟ್ ಬರ್ತದೆ, ವೇಗ ಬರ್ತದೆ, ಅಷ್ಟೇ."

"ಮತ್ತೆ ಶಬ್ದ ಇಳಿಸಿದ್ದು?"

"ಅದೂ ಬರುದಿಲ್ಲ."

ಎದ್ದು ರಿಮೋಟು ಹುಡುಕುವಷ್ಟರಲ್ಲಿ ಮಂಟಪ ಬಂತು. ನಾದಸ್ವರ ಇರಬೇಕಾದಲ್ಲಿ ನನ್ನ ಧ್ವನಿ, ಮೈಕಿಗೆ ಹತ್ತಿರದ ಸ್ಪಷ್ಟತೆಯೊಡನೆ, ಹೊಸ ಟಿವಿಯ ಎರಡೂ ಸ್ಪೀಕರಿನಲ್ಲಿ ಎಸಿಯಿಂದ ಹಿಡಿದು ಭೂತದವರೆಗೆ ಇಡೀ ವಾಕ್ಯವನ್ನು ಒಪ್ಪಿಸಿತು. ಮನೆಯಲ್ಲಿ ಫ್ಯಾನಿನ ಸದ್ದು ಕೇಳತೊಡಗಿತು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುವೆಂದು ಮೊದಲು ಹೆದರಿದೆ, ಆದರೆ ಭುಜ ಕುಣಿಯುತ್ತಿದ್ದ ರೀತಿ ಅಳುವಿನದ್ದಲ್ಲ. ಅಮ್ಮ ಮಾತ್ರ, "ಯಾರ ಸ್ವರ ಅದು? ಕೇಳಿದ ಹಾಗೆ ಉಂಟಲ್ಲ" ಎಂದರು.

ಪ್ರಪಂಚದ ಎಂಜಿನಿಯರುಗಳು ಐವತ್ತು ಚಿಲ್ಲರೆ ವರ್ಷಗಳಲ್ಲಿ ಕತ್ತರಿಸಿದ್ದನ್ನು ದಾಟಿಸಲಿಕ್ಕೆ ದಾರಿ ಕಂಡುಹಿಡಿದಿದ್ದಾರೆ. ಮುಚ್ಚಿದ್ದನ್ನು ದಾಟಿಸುವ ವಿಷಯದಲ್ಲಿ ಅವರ ಕೆಲಸ ಇನ್ನೂ ಬಾಕಿ ಉಂಟು. ಎಕ್ಸ್‌ಎಂಎಲ್ ಆದರೆ ಶಬ್ದದ ಏರಿಳಿತ, ಚಿತ್ರದ ಅಳತೆ ಕೆಲವು ದಾಟುತ್ತವೆಯಂತೆ. ಬಣ್ಣ ತಿದ್ದಿದ್ದು, ಹೂವು ಅರಳಿಸಿದ್ದು ಅದರಲ್ಲೂ ಹೆಚ್ಚಾಗಿ ದಾರಿಯಲ್ಲೇ ಬಿದ್ದುಹೋಗುತ್ತವೆ. ಪಾಯಸಕ್ಕೆ ಮುಖ ಕಿವುಚಿದವರು ಯಾರೆಂದು ಅದರ ಮುಂದಿನ ನಿಮಿಷದಲ್ಲೇ ಎಲ್ಲರಿಗೂ ಗೊತ್ತಾಯಿತು. ಅವರು ನನ್ನ ಅಕ್ಕ, ಅಳಿಯನ ಅಮ್ಮ. ಅವನೂ ಬೆವರಿದ.

ಭಾವ ಬಹಳ ಹೊತ್ತು ಏನೂ ಹೇಳಲಿಲ್ಲ. "ಆ ಧಾರೆಯದ್ದು ಪುನಃ ಒಮ್ಮೆ ಹಾಕು" ಎಂದು ಅಳಿಯನಿಗೆ ಹೇಳಿದರು. ಹಾಕಿದ. ದೊಡ್ಡಮಾವ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಎಡಿಟ್ ಮಾಡುವಾಗ ಅವರನ್ನು ಚೌಕಟ್ಟಿನಿಂದ ದೂಡುವ ಗಡಿಬಿಡಿಯಲ್ಲಿ ಅದನ್ನು ನೋಡಿಯೇ ಇರಲಿಲ್ಲ. "ಹೊಗೆ ಹೋಗಿರಬೇಕು ಕಣ್ಣಿಗೆ" ಎಂದರು ಭಾವ. ಸ್ವಲ್ಪ ಬಿಟ್ಟು, "ಇರಲಿ, ತೆಗೆಯುದು ಬೇಡ" ಎಂದರು. ನನ್ನ ಮಾತಿನ ಬಗ್ಗೆ ಒಂದಕ್ಷರ ಆಡಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, "ಔತಣದ ಹಾಲಿಗೆ ಎಸಿ ಹೇಳ್ತೇನೆ ಭಾವ" ಎಂದರು, ಅಷ್ಟೇ. ಹೇಳಿದರು ಕೂಡ. ಔತಣದ ದಿನ ಕಾಪುವಿನ ಬೀಗರು ಶಾಲು ಹೊದ್ದುಕೊಂಡು ಕೂತು, ನನ್ನ ಧ್ವನಿಯಿಲ್ಲದ, ದೊಡ್ಡಮಾವ ಇರುವ ವಿಡಿಯೋ ನೋಡಿ ಚಪ್ಪಾಳೆ ತಟ್ಟಿದರು. ಎಸಿಯ ಬಿಲ್ಲು ಮರುದಿನ ನಮ್ಮ ಮನೆಗೆ ಬಂತು. ಹೆಂಡತಿ ಅದನ್ನು ಕರೆಂಟ್ ಬಿಲ್ಲಿನ ಜೊತೆ ಕ್ಲಿಪ್ಪಿಗೆ ಸಿಕ್ಕಿಸಿಟ್ಟಿದ್ದಾಳೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಡಿಯೋದ ಕೊನೆಯಲ್ಲಿ ಹಿರಿಯರ ಹೆಸರಿನ ಪಟ್ಟಿ ಬರುತ್ತದಲ್ಲ, ಅದರಲ್ಲಿ ಮದುಮಗನ ಅಜ್ಜಿಯ ಹೆಸರು ಬಿಟ್ಟುಹೋಗಿದೆಯೆಂದು ಬೀಗರ ಕಡೆಯಿಂದ ಫೋನು ಬಂತು. ಬಹಳ ವಿನಯದಿಂದಲೇ ಹೇಳಿದರು. ನಮ್ಮೂರಲ್ಲಿ ವಿನಯಕ್ಕೆ ಹೆದರಬೇಕು. ಅಳಿಯ ಅಷ್ಟರಲ್ಲಿ ಓದು ಮುಗಿಸಿ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದ, ಹೋಗುವ ಮುಂಚೆ ಕಂಪ್ಯೂಟರನ್ನು ಪೂರ್ತಿ ಒರೆಸಿ ಮಾರಿದ್ದ. ಅವನ ಪ್ರಾಜೆಕ್ಟ್ ಅದರೊಂದಿಗೆ ಹೋಯಿತು. ನಾನು ಹಾರ್ಡ್‌ಡಿಸ್ಕ್ ಹಿಡಿದುಕೊಂಡು ಒಂದು ಸ್ಟುಡಿಯೋಕ್ಕೆ ಹೋದೆ. ಕರಾವಳಿಯ ಮದುವೆ ಸ್ಟುಡಿಯೋಗಳಲ್ಲಿ ಬಹಳ ಕಡೆ ಎಡಿಯಸ್ ಎಂಬ ಸಾಫ್ಟ್‌ವೇರ್ ಉಂಟು; ಅಲ್ಲಿಯೂ ಅದೇ. ಹುಡುಗ ಪರದೆಯಿಂದ ಕಣ್ಣು ಕೀಳದೆ ಹೇಳಿದ, "ಪ್ರಾಜೆಕ್ಟ್ ತರ್ಬೇಡಿ ಸರ್, ಅದು ಯಾರದ್ದೂ ಯಾರಲ್ಲಿಯೂ ಸರಿ ತೆರೆಯುದಿಲ್ಲ. ಔಟ್‌ಪುಟ್ ತನ್ನಿ. ಹೆಸರು ಇಲ್ಲದ್ದು ಒಂದು, ಇರುವುದೊಂದು. ಹಾಡು ಬೇರೆ ಫೈಲು, ಮಾತು ಬೇರೆ ಫೈಲು. ದೊಡ್ಡ ಸೈಜಿನಲ್ಲೇ ತೆಗೆದಿಡಬೇಕು, ವಾಟ್ಸಾಪಿನದ್ದು ಅಲ್ಲ. ಅದಿದ್ದರೆ ಯಾವ ಸಾಫ್ಟ್‌ವೇರಿನಲ್ಲಿಯಾದರೂ ಐದು ನಿಮಿಷದ ಕೆಲಸ." ನನ್ನಲ್ಲಿ ಇದ್ದದ್ದು ವಾಟ್ಸಾಪಿನದ್ದು.

ಹಾಗಾಗಿ ಈಗ ಇರುವ ದಾರಿ ಒಂದೇ: ನನ್ನ ಮೂಲ ಪ್ರಾಜೆಕ್ಟಿಗೆ ಮರಳುವುದು. ಫೈಲು ಉಂಟು, ಎಲ್ಲ ತುಣುಕುಗಳೂ ಉಂಟು, ಮುಚ್ಚಿದ್ದೆಲ್ಲ ಮುಚ್ಚಿಯೇ ಉಂಟು. ಲ್ಯಾಪ್‌ಟಾಪು ಮಾತ್ರ ಕಣ್ಣು ಬಿಡುತ್ತಿಲ್ಲ, ಆ ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಹಳೆಯದರ ಪರಿಚಯವಿಲ್ಲ. ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಏಳೆಂಟು ವರ್ಷ ಹಿಂದಿನ, ಒಮ್ಮೆಯೂ ಅಪ್‌ಡೇಟ್ ಮಾಡದ ಲ್ಯಾಪ್‌ಟಾಪು ಇದ್ದರೆ ದಯವಿಟ್ಟು ಎರಡು ದಿನದ ಮಟ್ಟಿಗೆ ಕೊಡಿ. ಕುಕ್ಕುಂದೂರಿನವರೆಗೆ ಬರಬೇಕೆಂದಿಲ್ಲ, ಕಾರ್ಕಳದ ಯಾವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೂ ಆದೀತು. ಜೋಡುರಸ್ತೆಯಲ್ಲಿ ನಾನು ನಿಂತಿರುತ್ತೇನೆ. ಅಜ್ಜಿಗೆ ಎಂಬತ್ತೆಂಟು.